ದಾರದ ಜಾಗದಲ್ಲಿ ತಂತಿ

ನೀರಿಗೆ ಇಳಿಯುವವರು ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತು. ಟೀವಿಯಲ್ಲಿ ನೋಡಿರುತ್ತಾರೆ. ನಾನು ಬಗಲಿಗೆ ಕಟ್ಟುತ್ತೇನೆ, ಎಡಕ್ಕೊಂದು, ಬಲಕ್ಕೊಂದು. ಕಾಲುವೆ ದಂಡೆಯ ಮೇಲೆ ನಿಂತವರಿಗೆ ಇದು ಪ್ರತಿ ಸಲವೂ ತಮಾಷೆ. 'ಏನ್ರೀ, ಮನಿಮನಿಗೆ ಗ್ಯಾಸ್ ಕೊಡಾಕ ಹೊಂಟೀರೇನು?' ಅಂತ ಸಿಂಧನೂರಿನವನೊಬ್ಬ ಕೇಳಿದ್ದ. ಒಳಗೆ ಹೆಣ ಇದೆ, ಹೊರಗೆ ಇವನ ಚಾಷ್ಟಿ. ಅವನನ್ನೇ ಎತ್ತಿ ನೀರಿಗೆ ಒಗೆಯಬೇಕು ಅನ್ನಿಸಿತ್ತು.

ಬಗಲಿಗೆ ಯಾಕೆ ಅಂದರೆ ನಮ್ಮಲ್ಲಿ ಸೈಫನ್ನುಗಳಿವೆ. ಹಳ್ಳ ಅಡ್ಡ ಬಂದ ಕಡೆ ಕಾಲುವೆಯ ನೀರು ಕಾಂಕ್ರೀಟಿನ ಕೊಳವೆಯಲ್ಲಿ ಹಳ್ಳದ ಕೆಳಗೆ ಇಳಿದು ಆಚೆ ಏಳುತ್ತದೆ. ಮೇಲೆ ಎಲ್ಲೋ ಕಾಲು ಜಾರಿದವರು ಬಂದು ಅದರೊಳಗೆ ಸಿಕ್ಕಿಕೊಳ್ಳುತ್ತಾರೆ. ಬೆನ್ನ ಮೇಲೆ ಸಿಲಿಂಡರ್ ಇದ್ದರೆ ಮೇಲಿನ ಕಾಂಕ್ರೀಟಿಗೆ ಬಡಿಯುತ್ತದೆ, ಬಗಲಲ್ಲಿದ್ದರೆ ಹಲ್ಲಿಯಂತೆ ಚಪ್ಪಟೆಯಾಗಿ ತೆವಳಬಹುದು. ಹತ್ತು ವರ್ಷ ಕರಾವಳಿಯಲ್ಲಿ ಹಡಗಿನ ತಳ ಉಜ್ಜುವ ಕೆಲಸದಲ್ಲಿದ್ದಾಗ ಕಲಿತದ್ದು ಇದು.

ಕಟ್ಟುವ ರೀತಿ ಹೇಳುತ್ತೇನೆ. ಸಿಲಿಂಡರಿನ ಕುತ್ತಿಗೆಗೆ ರಬ್ಬರ್ ಹಗ್ಗ. ಅದು ನನ್ನ ಬೆನ್ನ ಹಿಂದಿನಿಂದ ಬಂದು ಸಿಲಿಂಡರನ್ನು ಕಂಕುಳಿಗೆ ಒತ್ತಿ ಹಿಡಿಯುತ್ತದೆ. ಬುಡದ ಹತ್ತಿರ ಒಂದು ಸ್ಟೀಲ್ ಕ್ಲಾಂಪು, ಪೈಪಿಗೆ ಹಾಕುವಂಥದ್ದೇ, ಪಂಪ್‌ಸೆಟ್ ಅಂಗಡಿಯಲ್ಲಿ ಸಿಗುತ್ತದೆ. ಕ್ಲಾಂಪಿಗೆ ತುಂಡು ದಾರ, ದಾರದ ತುದಿಗೆ ಕೊಂಡಿ, ಆ ಕೊಂಡಿ ನನ್ನ ಸೊಂಟಪಟ್ಟಿಯ ಹಿಂದಿನ ಬಳೆಗೆ. ಇದರಲ್ಲಿ ಮುರಿಯಬಾರದ ನಿಯಮ ಒಂದೇ: ಕ್ಲಾಂಪಿಗೂ ಕೊಂಡಿಗೂ ನಡುವೆ ದಾರವೇ ಇರಬೇಕು. ಒಳಗೆ ಕೊಂಡಿ ಎಲ್ಲಾದರೂ ಸಿಕ್ಕಿಕೊಂಡು ಬಿಚ್ಚದೆ ಹೋದರೆ ಚಾಕು ಹಾಕಿ ಕೊಯ್ಯಬೇಕು. ಕೊಯ್ದರೆ ಜೀವ ಉಳಿಯುತ್ತದೆ.

ನನ್ನ ಎದೆಗೆ ಕಟ್ಟಿದ ಉದ್ದ ಹಗ್ಗವನ್ನು ದಂಡೆಯ ಮೇಲೆ ನಿಂತು ಹಿಡಿಯುತ್ತಿದ್ದವನು ಕಾಕಾ, ಅಪ್ಪನ ತಮ್ಮ. ಮಸ್ಕಿಯ ಸುತ್ತ ಯಾರ ಬಾವಿಯಲ್ಲಿ ಮೋಟರ್ ಬಿದ್ದರೂ ಒಂದು ಕಾಲಕ್ಕೆ ಅವನೇ ಇಳಿಯಬೇಕು. ಬೋರ್‌ವೆಲ್ ಬಂದವು, ಬಾವಿಗಳು ಮುಚ್ಚಿದವು, ಕಾಕಾನನ್ನು ಕೇಳುವವರು ಇಲ್ಲದಂತಾಯಿತು. ಎಷ್ಟೋ ವರ್ಷ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಸುಮ್ಮನೆ ಕೂತವನು ನಾನು ಊರಿಗೆ ಬಂದ ಮೇಲೆ ಎದ್ದ. ಪೊಲೀಸರು ಫೋನ್ ಮಾಡಿದರೆ ನನಗಿಂತ ಮೊದಲು ಅವನ ರುಮಾಲು ತಯಾರು. 'ಹುಡುಗನ ಹಗ್ಗ ನನ್ನ ಕೈಯಾಗ ಇರತೈತಿ' ಅಂತ ಕಟ್ಟೆಯ ಮೇಲೆ ಹೇಳಿಕೊಳ್ಳುತ್ತಿದ್ದ. ಅವನಿಗೆ ಉಳಿದಿದ್ದ ಮರ್ಯಾದೆ ಅಷ್ಟೇ. ಅದು ನನಗೂ ಚೆನ್ನಾಗಿ ಗೊತ್ತಿತ್ತು.

ಅಪ್ಪ ಸತ್ತದ್ದು ಮುದಗಲ್ ಕಡೆಯ ಒಂದು ಬಾವಿಯಲ್ಲಿ. ಹಗ್ಗ ಒಳಗೇ ಕೊಳೆತಿತ್ತು, ಹರಿಯಿತು. ಮೇಲೆ ಹಿಡಿದು ನಿಂತಿದ್ದವನು ಕಾಕಾ. ಅವತ್ತಿನಿಂದ ಅವನಿಗೆ ದಾರ ಅಂದರೆ ಆಗದು. ಮನೆಯಲ್ಲಿ ಎಮ್ಮೆಗೂ ಸರಪಳಿ, ಬಟ್ಟೆ ಒಣಗಿಸಲೂ ತಂತಿ.

'ಇಷ್ಟ ದಾರದ ಮ್ಯಾಲ ಜೀವ ಇಟ್ಟು ಇಳೀತಿಯಲ್ಲೋ' ಅನ್ನುತ್ತಿದ್ದ.

'ಕಾಕಾ, ಅದು ಹರೀಲಿ ಅಂತನ ಕಟ್ಟೀನಿ.'

'ಹರೀಲಿ ಅಂತ ಯಾರರ ಕಟ್ತಾರೇನಲೇ ಹುಚ್ಚ?'

ನಾನು ನಗುತ್ತಿದ್ದೆ. ಕೂಡಿಸಿಕೊಂಡು ಸರಿಯಾಗಿ ತಿಳಿಸಿ ಹೇಳಲಿಲ್ಲ.

ಆ ದಿನ ಬಳಗಾನೂರಿನ ಆಚೆ ಹೋಗಿದ್ದೆವು. ಭತ್ತಕ್ಕೆ ಔಷಧ ಹೊಡೆದ ಡಬ್ಬಿ ತೊಳೆಯಲು ಕಾಲುವೆಗೆ ಇಳಿದ ಕೂಲಿಯವನೊಬ್ಬ ಜಾರಿ ಸೈಫನ್ ಸೇರಿದ್ದ. ನೀರು ನಿಲ್ಲಿಸಿದ್ದರು. ಕೆಳಗಿನ ರೈತರು ಟ್ರ್ಯಾಕ್ಟರ್ ಏರಿಕೊಂಡು ಬಂದು ಕೂಗಾಡುತ್ತಿದ್ದರು. 'ಮಧ್ಯಾಹ್ನತನಾ ನೋಡ್ತೀವಿ, ಆಮ್ಯಾಲ ನೀರು ಬಿಡಬೇಕು ನೋಡ್ರಿ. ನಮ್ಮ ಗದ್ದಿ ಸೀಳು ಬಿಟ್ಟಾವ.' ಸತ್ತವನ ಹೆಂಡತಿ ನನ್ನ ಕಾಲು ಹಿಡಿದಳು. 'ಅಣ್ಣಾ, ಮಣ್ಣು ಮಾಡಾಕರ ತಂದು ಕೊಡೋ' ಅಂದಳು.

ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಕಾಕಾ ಸಿಲಿಂಡರುಗಳನ್ನು ಇಳಿಸಿ ಸಾಲಾಗಿ ಇಟ್ಟಿದ್ದ. ಬಲಗಡೆಯದನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿ, ಬುಡದ ಕೊಂಡಿ ಹುಡುಕುತ್ತ ಕೈ ಹಿಂದೆ ಹಾಕಿದೆ. ಬೆರಳಿಗೆ ದಾರ ಸಿಗಲಿಲ್ಲ, ತಂತಿ ಸಿಕ್ಕಿತು. ಸೆಂಟ್ರಿಂಗಿನವರು ಸಲಾಕೆ ಬಿಗಿಯುವ ತಂತಿ, ಮೂರು ಸುತ್ತು. ನನಗೆ ಚುಚ್ಚಬಾರದು ಅಂತ ತುದಿಯನ್ನು ಒಳಕ್ಕೆ ಮಡಚಿದ್ದ.

ಇದನ್ನು ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ನನಗೆ ಆಗಲೇ ಗೊತ್ತಾಯಿತು. ಅದನ್ನು ಬಿಚ್ಚಿ ದಾರ ಕಟ್ಟಲು ಹತ್ತು ನಿಮಿಷ ಸಾಕಿತ್ತು. ಆದರೆ ಜನ ನೋಡುತ್ತಿದ್ದರು, ಪೊಲೀಸ್ ಸಾಹೇಬರು ಗಡಿಯಾರ ನೋಡುತ್ತಿದ್ದರು, ಆ ಹೆಣ್ಣುಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅಷ್ಟೇ ಅಲ್ಲ, ಸೊಕ್ಕು. ಇಷ್ಟು ವರ್ಷ ಸಿಕ್ಕಿಕೊಳ್ಳದ ಕೊಂಡಿ ಇವತ್ತೇ ಸಿಕ್ಕಿಕೊಳ್ಳುತ್ತದೇನು ಅಂದುಕೊಂಡೆ. ಕೊಂಡಿ ಹಾಕಿಕೊಂಡು ಇಳಿದುಬಿಟ್ಟೆ.

ಸಿಕ್ಕಿಕೊಂಡಿತು. ಕೊಳವೆಯ ನಡುಮಧ್ಯದಲ್ಲಿ ಕಾಂಕ್ರೀಟ್ ಉದುರಿ ಸಲಾಕೆ ಹೊರಬಂದಿತ್ತು, ಅದಕ್ಕೆ ಹರಕು ಚೀಲ, ಹುಲ್ಲು ಸುತ್ತಿಕೊಂಡಿತ್ತು. ಟಾರ್ಚಿನ ಬೆಳಕಿಗೆ ಆ ಮನುಷ್ಯನ ಪಾದ ಕಾಣಿಸಿತು. ಕೈ ಚಾಚಿ ಹಿಮ್ಮಡಿ ಮುಟ್ಟಿದೆ. ಇನ್ನೊಂದು ಮೊಳ ಮುಂದೆ ಹೋಗಲು ನೋಡಿದರೆ ಬಲಗಡೆ ಯಾರೋ ಜಗ್ಗಿದಂತಾಯಿತು, ಕೊಂಡಿ ಸಲಾಕೆಗೆ ತೊಡರಿತ್ತು. ಕೊಂಡಿಯ ಬಾಯಿಗೆ ಮರಳು ತುಂಬಿ ತೆರೆಯಲಿಲ್ಲ. ಕೈ ತಾನಾಗಿ ಚಾಕು ತೆಗೆದು ಕೊಯ್ಯಲು ಹೋಯಿತು, ಚಾಕು ತಂತಿಯ ಮೇಲೆ ಕಿರ್ ಅಂದಿತು. ಅಯ್ಯೋ ಶಿವನೇ, ಆ ಸದ್ದು! ಹೆದರಿದೆ. ಗಾಳಿಯನ್ನು ಬಕಬಕ ಎಳೆದೆ. ಕೊನೆಗೆ ಸೊಂಟಪಟ್ಟಿಯನ್ನೇ ಕೊಯ್ದು, ಕುತ್ತಿಗೆಯ ರಬ್ಬರ್ ಸರಿಸಿ, ಬಲಗಡೆಯ ಸಿಲಿಂಡರನ್ನು ಅಲ್ಲೇ ಬಿಟ್ಟು ಹಗ್ಗವನ್ನು ಮೂರು ಸಲ ಎಳೆದೆ. ಮೇಲೆ ಕಾಕಾನ ಕೈ ತಕ್ಷಣ ಉತ್ತರ ಕೊಟ್ಟಿತು. ಒಂದೇ ಹದದಲ್ಲಿ, ಎಲ್ಲೂ ಗೋಡೆಗೆ ಬಡಿಯದಂತೆ ಎಳೆದುಕೊಂಡ. ಅವನು ಹಾಗೆ ಎಳೆಯದಿದ್ದರೆ ಅವತ್ತು ಆ ಕೊಳವೆಯಲ್ಲಿ ಎರಡು ಹೆಣ ಇರುತ್ತಿದ್ದವು.

ದಂಡೆ ಹತ್ತಿದಾಗ ಸಾಹೇಬರು ಕೇಳಿದರು. 'ಏನಾತು? ಬರೀಗೈಲೆ ಬಂದಿ?'

ನನ್ನ ಬಾಯಿ ಹೇಳಿತು: 'ಕಾಕಾ ದಾರದ ಬದ್ಲಿ ತಂತಿ ಸುತ್ಯಾನ್ರೀ. ಕೊಯ್ಯಾಕ ಬರ್ಲಿಲ್ಲ. ನನಗ ಗೊತ್ತಿರ್ಲಿಲ್ರೀ.'

ಅಷ್ಟು ಸಾಕಾಯಿತು. 'ಈ ಮುದುಕನ್ನ ಯಾಕ ಕರ್ಕೊಂಡು ಬರ್ತೀಯಲೇ?' ಅಂತ ಒಬ್ಬ. 'ತಲಿ ಕೆಟ್ಟೈತಿ ಇವಂದು' ಅಂತ ಇನ್ನೊಬ್ಬ. ಸತ್ತವನ ಹೆಂಡತಿ ಎದ್ದು ಬಂದು ಕಾಕಾನ ಮುಂದೆ ನಿಂತಳು. 'ನನ್ನ ಗಂಡನ್ನ ಅಲ್ಲೇ ಬಿಟ್ಟು ಬರೂಹಂಗ ಮಾಡಿದೆಲ್ಲೋ ಯಪ್ಪಾ, ನಿನ್ನ ಕೈ ಸೇದಿಹೋಗ್ಲಿ' ಅಂದಳು. ಕಾಕಾ ಹಗ್ಗ ಸುತ್ತುತ್ತಿದ್ದ. ಒಮ್ಮೆ ನನ್ನ ಕಡೆ ನೋಡಿದ, ಮತ್ತೆ ಸುತ್ತಿದ. ಇನ್ನೊಂದು ಸಿಲಿಂಡರ್ ತರಿಸುವಷ್ಟರಲ್ಲಿ ನೀರು ಬಿಟ್ಟರು. ಆ ಹೆಣ ಮೂರನೇ ದಿನ ಕೆಳಗಿನ ಗೇಟಿನ ಜಾಲರಿಗೆ ಬಂದು ನಿಂತಿತು. ಹೆಂಡತಿಗೆ ಅವನ ಮುಖ ತೋರಿಸುವ ಹಾಗಿರಲಿಲ್ಲ.

ಸುದ್ದಿ ನಮಗಿಂತ ಮೊದಲೇ ಮಸ್ಕಿ ಮುಟ್ಟಿತ್ತು. ಕಾಕಾನನ್ನು ಜನ 'ತಂತಿ' ಅಂತಲೇ ಕರೆಯತೊಡಗಿದರು. ಚಹಾದಂಗಡಿಯವನೂ ಕರೆದ.

ತಿಂಗಳಾದ ಮೇಲೆ ಲಿಂಗಸುಗೂರು ಕಡೆಯಿಂದ ಫೋನ್ ಬಂತು. ನೀರು ತುಂಬಿದ ಕಲ್ಲಿನ ಕ್ವಾರಿ. ಕಾಕಾ ಕಟ್ಟೆಯ ಮೇಲೆ ಕೂತಿದ್ದ, ರುಮಾಲು ಇರಲಿಲ್ಲ.

'ಬಾ ಕಾಕಾ, ಹಗ್ಗ ಹಿಡಿಯಾಕ ನೀನ ಬೇಕು.'

'ಬ್ಯಾರೇದವರನ್ನ ನೋಡ್ಕೋ.'

'ಅವತ್ತಿಂದು ಬಿಡು. ನಿನಗ ಗೊತ್ತಿರ್ಲಿಲ್ಲ, ಸುತ್ತಿದಿ.'

ಕಾಕಾ ನನ್ನ ಮುಖ ನೋಡಿದ. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ:

'ನೀ ಹಿಂದ ಕೈ ಹಾಕಿ ತಂತಿ ಸವರಿದ್ದು ನಾ ನೋಡೀನಪ್ಪಾ. ಬಿಚ್ಚಲಿಲ್ಲ. ಹುಡುಗ ನನ್ನ ಕಟ್ಟು ಒಪ್ಪಿದ ಅನ್ಕೊಂಡೆ. ಭಾಳ ಖುಷಿ ಆಗಿತ್ತು ನನಗ.'

ಹೌದು, ತಂತಿ ಇದ್ದದ್ದು ನನಗೆ ಗೊತ್ತಿತ್ತು ಎಂದು ಗಟ್ಟಿಯಾಗಿ ಹೇಳಿದ್ದರೆ ಸಾಕಿತ್ತು. ಆದರೆ ಕಟ್ಟೆಯ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ನಾನು ಗಾಡಿ ಹತ್ತಿ ಲಿಂಗಸುಗೂರಿಗೆ ಹೋದೆ.