ಟಚಪ್ ಮಾವ ಮುಟ್ಟದೆ ಬಿಟ್ಟ ಹುಬ್ಬು

ಏಯ್, ಎದುರು ಕಟ್ಟೆ ಮೇಲೆ ಕೂತವರೇ, ಸೈಕಲ್ ಒರೆಸ್ತಾ ನಿಂತವರೇ, ಸ್ವಲ್ಪ ಇತ್ತ ಕಿವಿ ಕೊಡಿ! ನಮ್ಮ ಬೀದಿಯ ಟಚಪ್ ಮಾವ ಇವತ್ತು ಸ್ವಂತ ಮಗಳನ್ನೇ ಗುರುತು ಸಿಗದ ಹಾಗೆ ಮಾಡಿಬಿಟ್ಟಿದ್ದರು!

ಮಾವನದು ಮೂಲೆಯ ಫೋಟೋ ಸ್ಟುಡಿಯೋ. ತಿರುಗುವ ಸ್ಟೂಲು, ದಾರಕ್ಕೆ ಕಟ್ಟಿದ ಬಾಚಣಿಗೆ, ಹಿಂದೆ ಮಡಿಕೆ ಬಿದ್ದ ಬಿಳಿ ಪರದೆ. ಅಲ್ಲಿ ಕೂತು ಎದ್ದರೆ ಸಾಕು, ಮೊಡವೆ ಮಾಯ, ಬೊಕ್ಕತಲೆಗೂ ಕ್ರಾಪು. “ಮುಖ ನೀವು ತನ್ನಿ, ಮಿಕ್ಕಿದ್ದು ನನಗೆ ಬಿಡಿ” ಎನ್ನುವುದು ಮಾವನ ಜಂಬ.

ಮಗಳಿಗೆ ಹೊರದೇಶದಲ್ಲಿ ಸೇತುವೆ ಕಟ್ಟುವ ಓದಿಗೆ ಸೀಟು ಸಿಕ್ಕಿತು. ಮೂರು ವರ್ಷದ ವೀಸಾ ಬೇಕು. ಅರ್ಜಿ, ಕಾಲೇಜಿನ ಪತ್ರ, ಡಾಕ್ಟರ ಸರ್ಟಿಫಿಕೇಟು ಎಲ್ಲವನ್ನೂ ಅವಳೇ ಜೋಡಿಸಿಕೊಂಡಳು. ಫೋಟೋ ಮಾತ್ರ ಅಪ್ಪನ ಪಾಲು. ಎಡವಟ್ಟಾಗಿದ್ದು ಅಲ್ಲೇ.

ವೀಸಾ ಕಚೇರಿಯ ಕೌಂಟರಿನ ಹೆಂಗಸು ಪಾಸ್‌ಪೋರ್ಟ್ ನೋಡಿದರು, ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು.

“ಇದು ನಿನ್ನ ಅಕ್ಕಾನಾ?”

“ನಾನೇ ಮೇಡಂ.”

“ಮತ್ತೆ ಹುಬ್ಬಿನ ಮೇಲಿನ ಗಾಯದ ಕಲೆ ಎಲ್ಲಮ್ಮಾ? ತಿದ್ದಿದ ಫೋಟೋ ನಡೆಯಲ್ಲ. ನಾಲ್ಕು ಗಂಟೆ ಒಳಗೆ ಬೇರೆ ತಗೊಂಡು ಬಾ. ಇಲ್ಲಾಂದ್ರೆ ನಿನ್ನ ಸರದಿ ಇನ್ನು ಒಂದು ತಿಂಗಳಿಗೆ.”

ಒಂದು ತಿಂಗಳೆಂದರೆ ಸೀಟು ಹೋದ ಹಾಗೆಯೇ.

ಆ ಗಾಯಕ್ಕೂ ಮಾವನೇ ಕಾರಣ. ಮಗಳಿಗೆ ನಾಲ್ಕು ವರ್ಷವಿದ್ದಾಗ ಕ್ಯಾಮೆರಾ ಸ್ಟ್ಯಾಂಡು ಅವಳ ಮೇಲೆ ಬಿತ್ತು. ಸ್ಕ್ರೂ ಬಿಗಿ ಮಾಡದೆ ಬಿಟ್ಟವರು ಇವರು. ಅಂದಿನಿಂದ ಅವಳ ಒಂದೊಂದು ಫೋಟೋದಲ್ಲೂ ಸದ್ದಿಲ್ಲದೆ ಆ ಕಲೆಯನ್ನು ಅಳಿಸುತ್ತಲೇ ಬಂದಿದ್ದರು. ಪಾಸ್‌ಪೋರ್ಟಿಗೆ ಮಾತ್ರ ಕಚೇರಿಯವರೇ ಫೋಟೋ ಹೊಡೆದಿದ್ದರಿಂದ ಕಲೆ ಉಳಿದುಕೊಂಡಿತ್ತು.

ಮೂರು ಗಂಟೆಗೆ ಮಗಳು ಏದುಸಿರು ಬಿಡುತ್ತ ಸ್ಟುಡಿಯೋಗೆ ಓಡಿ ಬಂದಳು.

“ಊರಿಗೆಲ್ಲಾ ಮುಖ ಮಾಡಿಕೊಟ್ರಿ, ಮಗಳ ಮುಖಾನೇ ಕಳೆದ್ರಲ್ಲಾ!” ಎಂದು ಮಾವನ ಹೆಂಡತಿ, ನಮ್ಮ ಅತ್ತೆ, ತಲೆ ಚಚ್ಚಿಕೊಂಡರು.

ಮಾವ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಕ್ಲಿಕ್ಕಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಹುಬ್ಬು ಮೂಡಿದ್ದೇ ತಡ, ಕೈ ತಾನಾಗಿ ಮೌಸಿನ ಮೇಲೆ ಹೋಯಿತು.

“ಅಪ್ಪಾ, ಬಿಡು.”

“ಸ್ವಲ್ಪ ತೆಳು ಮಾಡ್ತೀನಿ, ಅಷ್ಟೇ…”

“ಬಿಡು ಅಂದೆ!”

ಅತ್ತೆ ಮೌಸಿನ ವೈರು ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಮಾವ ಕೀಬೋರ್ಡ್ ಕುಟ್ಟಿಯೇ ಪ್ರಿಂಟ್ ಕೊಡಬೇಕಾಯಿತು. ಆರು ಪ್ರತಿ ಹೊರಬರುವ ತನಕ ಮಗಳ ಮುಖವನ್ನು ಅವರು ನೋಡಲೇ ಇಲ್ಲ.

“ಇದನ್ನ ನೋಡಿದಾಗೆಲ್ಲ ನನ್ನ ಬೈಕೊಳ್ತೀಯಾ?” ಎಂದರು, ಕತ್ತರಿಯನ್ನು ಹುಡುಕುವ ನೆಪದಲ್ಲಿ.

“ಹದಿನಾರು ವರ್ಷ ಆಯ್ತಪ್ಪಾ! ಈಗ ನೋಡಿದ್ರೆ ಇದಿಲ್ಲದೆ ನನ್ನ ಯಾರೂ ಒಳಗೇ ಬಿಡಲ್ವಂತೆ. ಬೇಗ ಕತ್ತರಿಸು ಮಾರಾಯಾ!”

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಎರಡು ಫೋಟೋ ಸಮೇತ ಅರ್ಜಿ ಒಳಗೆ ಹೋಯಿತು. “ಹಾಂ, ಈಗ ನೀನೇ” ಎಂದರಂತೆ ಕೌಂಟರಿನ ಹೆಂಗಸು.

ಸಂಜೆ ಅಂಗಡಿ ಮುಚ್ಚುವಾಗ ಮಾವ ಗಾಜಿನ ಕಿಟಕಿಯ ಮುಂದೆ ನಿಂತರು. ಅಲ್ಲಿ ಮಗಳ ದೊಡ್ಡ ಫೋಟೋ ಇತ್ತು, ಹುಬ್ಬು ನುಣುಪೋ ನುಣುಪು. ತೆಗೆಯಲು ಕೈ ಬರಲಿಲ್ಲ. ಎಷ್ಟಾದರೂ ಟಚಪ್ ಮಾವ ಅಲ್ಲವೇ! ಉಳಿದ ನಾಲ್ಕು ಪ್ರತಿಗಳಲ್ಲಿ ಒಂದನ್ನು ಅದರ ಚೌಕಟ್ಟಿನ ಮೂಲೆಗೆ ಸಿಕ್ಕಿಸಿದರು, ವಾರೆಯಾಗಿದ್ದನ್ನು ನೆಟ್ಟಗೆ ಮಾಡಿದರು, ಷಟರ್ ಎಳೆದರು.