ಕತ್ತರಿಸದೆ ಕಳಿಸಿದ ಕಾದಂಬರಿ

ಕಳೆದ ಸೋಮವಾರ ಸಂಜೆ ರಾಯಚೂರು ಬಸ್ ನಿಲ್ದಾಣದಲ್ಲಿ ನಾನೊಂದು ಪ್ರೇಮ ಕಾದಂಬರಿಯನ್ನು ಕತ್ತರಿಸದೆ, ಇಡಿಯಾಗಿ, ಮಾನ್ವಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಇಷ್ಟು ವರ್ಷಗಳಲ್ಲಿ ಇದೇ ಮೊದಲು.

ಕತ್ತರಿಸುವುದೆಂದರೆ ಬ್ಲೇಡಿನಿಂದ, ನಡುವೆ. ನಮ್ಮಕ್ಕ ಮಾನ್ವಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಅವಳ ಗೆಳತಿ ಗಂಗಕ್ಕನದು ದೇವದುರ್ಗದಲ್ಲಿ ಅದೇ ಕೆಲಸ. ಹೊಲಿಗೆ ತರಬೇತಿಯ ದಿನಗಳಲ್ಲಿ ರಾಯಚೂರಿನ ಒಂದೇ ಕೋಣೆಯಲ್ಲಿದ್ದವರು. ತಿಂಗಳಿಗೊಂದು ಹೊಸ ಕಾದಂಬರಿ ಕೊಂಡು, ಮೊದಲರ್ಧ ಒಬ್ಬಳಿಗೆ, ಉಳಿದರ್ಧ ಇನ್ನೊಬ್ಬಳಿಗೆ ಬಸ್ಸಿನಲ್ಲಿ ಕಳಿಸುವುದು ನನ್ನ ಕೆಲಸ. ಓದಿದ ಮೇಲೆ ಅವರು ಅರ್ಧಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು.

ನೀವು ಕೇಳುವುದನ್ನೇ ನಾನೂ ಅಕ್ಕನನ್ನು ಕೇಳಿದ್ದೆ: ಎರಡು ಪ್ರತಿ ತಂದರಾಗದೆ?

"ಎರಡು ತಂದ್ರ ಆಕಿ ತನ್ನದು ಓದಿ ಮಡಚಿಡ್ತಾಳ, ನಾ ನಂದು. ಆಮ್ಯಾಲ ಫೋನಿನ್ಯಾಗ ಮಾತಾಡಾಕ ಏನು ಉಳಿತದ?"

ಪುಸ್ತಕದಂಗಡಿಯಲ್ಲಿ, ಯಾರೂ ಕೇಳದಿದ್ದರೂ, "ಅಕ್ಕನಿಗೆ" ಎನ್ನುತ್ತಿದ್ದೆ. ಪತ್ರಿಕೆಯ ವರದಿಗಾರನಾದ ನನ್ನ ಕೈಯಲ್ಲಿ ಗುಲಾಬಿ ಬಣ್ಣದ ರಕ್ಷಾಪುಟ ಕಂಡರೆ ಊರು ಏನಂದೀತು ಎಂಬ ಅಂಜಿಕೆ. ಒಮ್ಮೆ ಅಕ್ಕನಿಗೆ, ಇದನ್ನೆಲ್ಲ ಯಾಕೆ ಓದುತ್ತೀ ಎಂದೆ. ಅವಳು ಗುಂಡಿ ಹಚ್ಚುತ್ತಲೇ ಹೇಳಿದಳು: "ನೀ ಬರಿಯಾ ಸುದ್ದ್ಯಾಗ ದಿನಾ ಯಾರರ ಯಾರ್ದರ ಕೈ ಬಿಡ್ತಾರ. ಇದರಾಗ ಹಿಡಿತಾರ. ಮಧ್ಯಾಹ್ನ ಒಂದು ತಾಸು ಜೀವಕ್ಕ ಹಗುರಾಗ್ತದ." ಭಾವ ತೀರಿದ ವರ್ಷವೂ ಅವಳನ್ನು ಎಬ್ಬಿಸಿ ಕೂರಿಸಿದ್ದು ನಮ್ಮ ಸಮಾಧಾನದ ಮಾತುಗಳಲ್ಲ, ಈ ಪುಸ್ತಕಗಳು ಮತ್ತು ಗಂಗಕ್ಕನ ಫೋನು.

ಹೋದ ವರ್ಷ ಅಕ್ಕನ ಮಗಳು ಸುಜಾತಾ ಬೇರೆ ಜಾತಿಯ ಹುಡುಗನನ್ನು ಮದುವೆಯಾಗುತ್ತೇನೆಂದಳು. ಅಕ್ಕ ಒಪ್ಪಲಿಲ್ಲ. ದೇವದುರ್ಗದಲ್ಲಿ ನೋಂದಣಿ ಮದುವೆಯಾಯಿತು, ಸುಜಾತಾ ಅಲ್ಲೇ ಮನೆ ಮಾಡಿದಳು. ಗಂಗಕ್ಕ ಸಾಕ್ಷಿ ಸಹಿ ಹಾಕಿದಳು. ಅಕ್ಕ ಫೋನಿನಲ್ಲಿ ಕೂಗಾಡಿದಾಗ ಆಕೆ ಅಂದದ್ದು ಇಷ್ಟೇ: "ಪುಸ್ತಕದಾಗ ಇಂಥಾ ಹುಡುಗ ಬಂದ್ರ ಕಣ್ಣೀರು ಹಾಕ್ತಿ. ಮನಿಗೆ ಬಂದ್ರ ಬಾಗಿಲು ಹಾಕ್ತಿಯಲ್ಲಬೇ?"

ಅಂದಿನಿಂದ ಮಗಳ ಜೊತೆಗೂ ಮಾತಿಲ್ಲ, ಗೆಳತಿಯ ಜೊತೆಗೂ ಇಲ್ಲ. ಅವರಿಬ್ಬರ ನಡುವೆ ಅರ್ಧಗಳ ಓಡಾಟ ನಿಂತಿತು. ನಾನು ಮಾತ್ರ ಕತ್ತರಿಸಿ ಕಳಿಸುತ್ತಲೇ ಹೋದೆ, ಮೊದಲರ್ಧ ಅಕ್ಕನಿಗೆ, ಕೊನೆಯರ್ಧ ಗಂಗಕ್ಕನಿಗೆ. ಇಬ್ಬರೂ ಬೇಡವೆನ್ನಲಿಲ್ಲ. ವರ್ಷವಿಡೀ ಪ್ರೇಮಿಗಳು ಮಾನ್ವಿಯಲ್ಲಿ ಜಗಳವಾಡಿ ಬೇರೆಯಾದರು, ದೇವದುರ್ಗದಲ್ಲಿ ಒಂದಾದರು.

ಸೋಮವಾರ ಬ್ಲೇಡು ಹಿಡಿದು, ಅಧ್ಯಾಯ ಎಲ್ಲಿ ಮುಗಿಯುತ್ತದೆಂದು ನಡುವಿನ ಪುಟ ತೆರೆದೆ. ನಾಲ್ಕು ಸಾಲು ಓದಿದೆ. ಆಮೇಲೆ ಮೊದಲ ಪುಟಕ್ಕೆ ಹೋದೆ. ಕೊನೆಯ ಪುಟ ಮುಗಿದಾಗ ಒಂದು ಪತ್ರಿಕಾಗೋಷ್ಠಿ ತಪ್ಪಿತ್ತು, ಮೂಗು ಕಟ್ಟಿತ್ತು. ಅರ್ಧ ಮಾಡಲು ಕೈ ಬರಲಿಲ್ಲ.

ಮರುದಿನ ಅಕ್ಕನ ಫೋನ್. "ಲೇ, ಬ್ಲೇಡು ಸಿಗಲಿಲ್ಲೇನು?"

"ಪೂರ್ತಿ ಓದು ಅಂತ ಕಳಿಸೀನಿ."

"ಮತ್ತ ಆಕಿಗೆ?"

"ಏನೂ ಕಳಿಸಿಲ್ಲ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ದಾರಿ ಕಾಯ್ತಿರ್ತಾಳಲ್ಲೋ," ಎಂದಳು. ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಗೆಳತಿಯ ಸುದ್ದಿ.

ಇವತ್ತು ಗುರುವಾರ. ಬೆಳಿಗ್ಗೆ ಹನ್ನೊಂದಕ್ಕೆ ಗಂಗಕ್ಕ ಫೋನ್ ಮಾಡಿದಳು. "ತಮ್ಮಾ, ನಿಮ್ಮಕ್ಕ ಪುಸ್ತಕ ಹಿಡಕೊಂಡು ಬಂದಾಳ. ಚಾ ಕುಡಿ ಅಂದ್ರ ಕುಂಡ್ರವಲ್ಲಳು. ಸುಜಿ ಮನಿ ಯಾವ ಓಣ್ಯಾಗ ಅಂತ ಕೇಳಾಕತ್ತಾಳ."

ಹನ್ನೆರಡೂವರೆಗೆ ನಾನು ಅಕ್ಕನ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಸುಜಾತಾ.

"ಅವ್ವನ ಕೈ ರೊಟ್ಟಿ ಹಿಟ್ಟಿನ್ಯಾಗ ಅದ ಮಾಮಾ. ಆಮ್ಯಾಲ ಮಾಡ್ರಿ."