ಚೀಟಿ ಬಾರದಿದ್ದರೂ ಹೆಸರು ಬರಲಿ

ಹುಣಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಂಪ್ಯೂಟರ್ ಕೇಂದ್ರ ಇಟ್ಟುಕೊಂಡಿದ್ದ ರಾಧಾಗೆ ತನ್ನ ಕೆಲಸದ ಬಗ್ಗೆ ಜಂಬ ತುಸು ಜಾಸ್ತಿಯೇ ಇತ್ತು. ಇರಲಿ ಬಿಡಿ, ಕಟ್ಟೆಮಳಲವಾಡಿಯಲ್ಲಿ ನಾಟಿ ಹಾಕಿ ಬೆಳೆದವಳು, ಯಾರೂ ಹೇಳಿಕೊಡದೆ ಎಕ್ಸೆಲ್ ಮ್ಯಾಕ್ರೋ ಬರೆಯುವುದನ್ನು ಕಲಿತಿದ್ದಳು. ಮ್ಯಾಕ್ರೋ ಎಂದರೆ ಹೆಚ್ಚೇನಲ್ಲ, "ಇದನ್ನು ಹುಡುಕು, ಅದನ್ನು ಅಚ್ಚು ಹಾಕು" ಎಂದು ಕಂಪ್ಯೂಟರಿಗೆ ಮೊದಲೇ ಬರೆದಿಟ್ಟ ಅಪ್ಪಣೆ.

ನಾಲ್ಕು ತಾಲ್ಲೂಕಿನ ರಕ್ತದಾನಿಗಳ ಬಳಗಕ್ಕೆ ಅವಳೊಂದು ಪಟ್ಟಿ ಮಾಡಿಕೊಟ್ಟಿದ್ದಳು. ರಕ್ತದ ಗುಂಪು ಒತ್ತಿದರೆ ಹತ್ತಿರದ ದಾನಿಯ ಹೆಸರು ಬರಬೇಕು, ಬೆನ್ನಿಗೇ ಚೆಂದದ ಕನ್ನಡ ಅಕ್ಷರದ ಚೀಟಿ ಪ್ರಿಂಟರಿನಿಂದ ಹೊರಬರಬೇಕು. ಚೀಟಿಗೆಂದೇ ಬೇರೊಂದು ಫೈಲು ಬರೆದು ಪಟ್ಟಿಗೆ ಗಂಟುಹಾಕಿದ್ದಳು. ಒಮ್ಮೆ ಯಾರೋ ಪುಣ್ಯಾತ್ಮರು ಹೆಸರಿನ ಕಾಲಂ ಮಾತ್ರ ಅಕ್ಷರದ ಕ್ರಮಕ್ಕೆ ತಂದು, ಗುಂಪಿನ ಕಾಲಂ ಹಾಗೇ ಬಿಟ್ಟು, ಎಲ್ಲರ ರಕ್ತವನ್ನೂ ಅದಲುಬದಲು ಮಾಡಿದ್ದರು. ಆ ಸಿಟ್ಟಿಗೆ ರಾಧಾ ಇಡೀ ಹಾಳೆಯನ್ನೇ ಬಚ್ಚಿಟ್ಟಳು. ಆಮೇಲೆ ಮ್ಯಾಕ್ರೋ ತೋರಿಸಿದರಷ್ಟೇ ಹೆಸರು ಕಾಣುತ್ತಿತ್ತು.

2003ರ ಜುಲೈನಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ಬಳಗದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸಂಘಮಿತ್ರ ಒಂದೇ ಉಸಿರಿಗೆ ಹೇಳಿದಳು.

"ಅಕ್ಕಾ, ಅಂತರಸಂತೆಯಿಂದ ಬೃಂದಾ ಅಂತ ಒಂದು ಬಾಣಂತಿ ಬಂದವ್ಳೆ. ರಕ್ತ ನಿಲ್ತಾನೇ ಇಲ್ಲ ಕಣಕ್ಕಾ. ಓ ನೆಗೆಟಿವ್ ಅಂತೆ. ಮೈಸೂರಲ್ಲಿ ಕೇಳುದ್ರೆ ಒಂದು ಬಾಟ್ಲೂ ಇಲ್ವಂತೆ. ದಾನೀನೂ ಜೀಪಿಗೆ ಹತ್ತಿಸ್ಕಂಡೇ ಮೈಸೂರಿಗೆ ಹೋಗ್ಬೇಕು."

"ಮತ್ತೆ ಗುಂಪು ಒತ್ತೇ!"

"ಒತ್ತುದ್ರೆ 'ಕ್ಯಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ' ಅಂತದೆ! ನೆನ್ನೆ ವಿಂಡೋಸ್ ಹೊಸ್ದಾಗಿ ಹಾಕ್ಸುದ್ವಲ್ಲ..."

ರಾಧಾಗೆ ಕೂಡಲೇ ಗೊತ್ತಾಯಿತು. ಪಟ್ಟಿಯನ್ನು ವಾಪಸು ಹಾಕಿದ್ದಾರೆ, ಚೀಟಿಯ ಫೈಲನ್ನು ಮರೆತಿದ್ದಾರೆ. ಚೀಟಿ ಯಾರಿಗೆ ಬೇಕಿತ್ತು ಈಗ? ಆದರೆ ಎಕ್ಸೆಲ್ಲಿನ ಚಾಳಿಯೇ ಅದು. ಗಂಟುಹಾಕಿದ ಒಂದೇ ಒಂದು ಫೈಲು ಕಾಣೆಯಾದರೆ ಮುನಿಸಿಕೊಂಡು, ತನಗೆ ಹುಟ್ಟಿನಿಂದ ಗೊತ್ತಿರುವ ಪದಗಳನ್ನೂ ಗೊತ್ತಿಲ್ಲ ಎನ್ನುತ್ತದೆ. ಕೋಟೆಯ ದಾನಿಗಳ ಹೆಸರು ಇದ್ದದ್ದು ಕೋಟೆಯ ಕಂಪ್ಯೂಟರಿನಲ್ಲಿ ಮಾತ್ರ. ಅದನ್ನು ಬಚ್ಚಿಟ್ಟವಳು ಇವಳೇ.

"ಆಲ್ಟ್ ಜೊತೆ ಎಫ್ ಹನ್ನೊಂದು ಒತ್ತು. ಮೇಲೆ ಟೂಲ್ಸ್, ಅದ್ರೊಳಗೆ ರೆಫರೆನ್ಸಸ್, ಗಂಟುಹಾಕಿರೋ ಫೈಲುಗಳ ಪಟ್ಟಿ."

"ಅದು ಮಂಕಾಗ್ಯದೆ ಅಕ್ಕಾ. ಒತ್ತಕ್ಕೇ ಆಯ್ತಿಲ್ಲ."

ಅಯ್ಯೋ ದೇವರೇ! ಏನು ಬಿಟ್ಟುಹೋಯಿತು? ಫೋನಿನೊಳಗಿಂದ ಜೀಪಿನ ಹಾರನ್ ಕೇಳುತ್ತಿತ್ತು. "ಇನ್ನೆಷ್ಟೊತ್ತಮ್ಮಾ? ಐದು ನಿಮಿಷ ನೋಡ್ತೀವಿ, ಆಮೇಲೆ ಹೊರಟುಬಿಡ್ತೀವಿ," ಎಂದು ಯಾರೋ ಗದರಿದರು. ರಾಧಾ ತನ್ನ ಕಂಪ್ಯೂಟರಿನಲ್ಲೂ ಚೀಟಿಯ ಫೈಲನ್ನು ಬೇರೆಡೆಗೆ ಸರಿಸಿ, ಬೇಕೆಂದೇ ಅದೇ ತಪ್ಪು ಬರಿಸಿಕೊಂಡು ನೋಡಿದಳು. ಆಗ ತಿಳಿಯಿತು: ಓಡುತ್ತಿದ್ದ ಮ್ಯಾಕ್ರೋ ನಡುವೆ ನಿಂತುಬಿಟ್ಟಿದೆ, ಮೊದಲು ಅದನ್ನು ಪೂರ್ತಿ ನಿಲ್ಲಿಸಬೇಕು.

"ಒಂದು ಸಣ್ಣ ನೀಲಿ ಚೌಕ ಅದೆ ನೋಡು, ಅದನ್ನೊತ್ತು. ಈಗ ರೆಫರೆನ್ಸಸ್. ಮಿಸ್ಸಿಂಗ್ ಅಂತ ಇರೋ ಸಾಲಿನ ಟಿಕ್ ತೆಗಿ. ತೆಗ್ದಾ? ಆಮೇಲೆ 'ಚೀಟಿ ಹಾಕು' ಅನ್ನೋ ಸಾಲಿನ ಮುಂದೆ ಒಂದು ಅಪಾಸ್ಟ್ರಫಿ, ಆ ಒಂಟಿ ಕೊಕ್ಕೆ, ಇಡು. ಆ ಸಾಲನ್ನ ಓದ್ದೆ ಮುಂದಕ್ಕೆ ಹೋಯ್ತದೆ."

"ಇಟ್ಟೆ."

"ಒತ್ತು."

ರಾಧಾ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಬಂತು! ಲಿಂಗರಾಜು, ಸೈಕಲ್ ಶಾಪು, ಹ್ಯಾಂಡ್‌ಪೋಸ್ಟು. ಮೈಸೂರು ದಾರೀಲೇ ಸಿಗ್ತಾರೆ ಕಣಕ್ಕಾ!" ಫೋನು ಇಡುವುದನ್ನೂ ಮರೆತು ಸಂಘಮಿತ್ರ ಹೊರಗೆ ಓಡಿದಳು.

ಹದಿನಾಲ್ಕು ನಿಮಿಷ ಹಾಳಾಗಿತ್ತು. ಸಂಜೆ ನಾಲ್ಕಕ್ಕೆ ಸುದ್ದಿ ಬಂತು: ಲಿಂಗರಾಜು ರಕ್ತ ಕೊಟ್ಟ, ಬೃಂದಾ ಉಳಿದಳು, ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ಆಗುತ್ತಿರಲಿಲ್ಲವಂತೆ. ಆ ಕೊನೆಯ ಮಾತಿಗೆ ನಾಚಿಕೆ, ಭಯ ಎರಡೂ ಆಗಿ ರಾಧಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ಮುಯ್ಯಾಳಿನ ನಾಟಿಗೆಂದು ಊರಿಗೆ ಹೋದಳು. ಇಂದು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು ಎನ್ನುವ ಲೆಕ್ಕದ ಕೆಲಸವದು. ಅವಳ ತಾಯಿ ಚಿಕ್ಕಸಿದ್ದಮ್ಮ ಕೆಸರಿಗೆ ಇಳಿಯುವ ಮುಂಚೆ ಬದುವಿನ ಮೇಲೆ ನಿಂತು ಬರಬೇಕಿದ್ದವರ ಹೆಸರು ಕೂಗುತ್ತಿದ್ದಳು. ಇಬ್ಬರು ಬಂದಿರಲಿಲ್ಲ. ಅವರ ಪಾಲಿನ ಗದ್ದೆಯ ಪಟ್ಟೆಯನ್ನು ಉಳಿದವರಿಗೆ ಹಂಚಿ, "ಇಳೀರವ್ವ" ಎಂದಳು.

"ಅವ್ರನ್ನ ಕಾಯಲ್ವೇನವ್ವ?" ಎಂದು ರಾಧಾ ಕೇಳಿದಳು.

"ಬಂದ್ರೆ ಬರ್ಲಿ, ಅವ್ರಿಗೂ ಒಂದು ಪಟ್ಟೆ ಕೊಡಾನ. ಬದಿನ ಮೇಲೇ ಕೇಳ್ಕಬುಡ್ಬೇಕು ಕಣವ್ವ. ನಡುಗದ್ದೇಲಿ ನಿಂತ್ಕಂಡು ಅವ್ಳೆಲ್ಲಿ ಇವ್ಳೆಲ್ಲಿ ಅಂತ ಹುಡುಕುದ್ರೆ ಕಿತ್ತಿಟ್ಟ ಪೈರು ಬಾಡೋಯ್ತದೆ."

ರಾಧಾ ಪೈರಿನ ಕಂತೆ ಹಿಡಿದು, ತನ್ನ ಮ್ಯಾಕ್ರೋವನ್ನೇ ನೆನೆಯುತ್ತ ಕೆಸರಿಗೆ ಇಳಿದಳು. ಸೋಮವಾರವೇ ಹುಣಸೂರಿಗೆ ಬಂದು ಚೀಟಿಯ ಗಂಟನ್ನು ಬಿಚ್ಚಿದಳು. ಮ್ಯಾಕ್ರೋ ಈಗ ಮೊದಲ ಸಾಲಿನಲ್ಲೇ ಚೀಟಿಯ ಫೈಲು ಇದೆಯೇ ಎಂದು ನೋಡುತ್ತಿತ್ತು. ಇದ್ದರೆ ಕರೆದು ಕೆಲಸ ಕೊಡುವುದು, ಇಲ್ಲದಿದ್ದರೆ ಹೆಸರನ್ನು ತೋರಿಸಿ, ಕೈಯಲ್ಲಿ ಬರೆದುಕೊಳ್ಳಿ ಎಂದು ಹೇಳುವುದು. ಕನ್ನಡ ಅಕ್ಷರವೇ ಇಲ್ಲದ ಕಂಪ್ಯೂಟರಿನಲ್ಲೂ ಓದಲು ಬರಲೆಂದು ಆ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಗು ಎತ್ತಿಕೊಂಡು ಒಬ್ಬಳು ಬಂದಳು. "ನಾನೇ ಬೃಂದಾ. ನೀವೇ ಉಳಿಸಿದ್ರಂತೆ. ಮಗೀನ ತೋರ್ಸಿ ಹೋಗಾನ ಅಂತ ಬಂದೆ."

ರಾಧಾಗೆ ಆ ಮಾತು ತಡೆಯಲಾಗಲಿಲ್ಲ. "ಉಳಿಸಿದ್ದು ಲಿಂಗರಾಜು ಕಣಮ್ಮ. ನಿನ್ನನ್ನ ಹದಿನಾಲ್ಕು ನಿಮಿಷ ಕಾಯಿಸಿದ್ದು ನಾನು," ಎಂದು ಎಲ್ಲವನ್ನೂ ಹೇಳಿ ಕಣ್ಣೊರೆಸಿಕೊಂಡಳು.

"ಈಗ ಸರಿಹೋಯ್ತಾ ಅದು?" ಎಂದಳು ಬೃಂದಾ.

ರಾಧಾ ಚೀಟಿಯ ಫೈಲನ್ನು ತೆಗೆದು ಪಕ್ಕಕ್ಕಿಟ್ಟು ಓ ನೆಗೆಟಿವ್ ಒತ್ತಿದಳು. ಪ್ರಿಂಟರ್ ಸುಮ್ಮನಿತ್ತು. ಪರದೆಯ ಮೇಲೆ ನಾಲ್ಕು ಹೆಸರು ಬಂದವು.

"ನಾಕೇ ಜನವಾ?" ಬೃಂದಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ನಂದೂ ಅದೇ ಗುಂಪಲ್ವಾ. ಮಗ ಮೊಲೆ ಬುಟ್ಟ ಮೇಲೆ ನಾನೂ ಬತ್ತೀನಿ. ಬರ್ಕಳಿ ಅಕ್ಕಾ."

ರಾಧಾ ಐದನೆಯ ಹೆಸರು ಬರೆದುಕೊಂಡಳು.